ಗೋಡೆಗೋ, ರಸ್ತೆಗೋ

ಹಾನಗಲ್ಲಿನ ತಾರಕೇಶ್ವರ ಗುಡಿಯ ಛಾವಣಿಯಲ್ಲಿ ಕಲ್ಲಿನ ಕಮಲವೊಂದಿದೆ. ಅದರ ಕೆಳಗೆ ನಿಂತು ಕತ್ತೆತ್ತಿ ನೋಡಿದರೆ ಸಾಕು, ಶಿಲ್ಪಿ ಕೊಡಬೇಕೆಂದುಕೊಂಡದ್ದು ನಮಗೆ ಸಂದಂತೆಯೇ. ನೋಡುವವರು ಬೇರೇನೂ ಮಾಡಬೇಕಿಲ್ಲ. ಮೀರಜಿನ ತಂಬೂರಿಯ ಮಾತು ಬೇರೆ. ಗಾಜಿನ ಪೆಟ್ಟಿಗೆಯಲ್ಲಿಟ್ಟ ತಂಬೂರಿಯಲ್ಲಿ ಬುರುಡೆಯ ದುಂಡು ಕಾಣುತ್ತದೆ, ಮೇಲಿನ ಕುಸುರಿ ಕಾಣುತ್ತದೆ. ಜವಾರಿ ಎಂಬ ನಾದದ ಗುಂಗು ಮಾತ್ರ ಕಾಣುವುದಿಲ್ಲ. ಯಾರಾದರೂ ತಂತಿಗೆ ಬೆರಳು ಹಚ್ಚುವ ತನಕ ಅದು ಚಂದದ ಮರದ ಸಾಮಾನು. ಹಾನಗಲ್ಲಿನ ಹೆಸರನ್ನು ತಮ್ಮ ಹೆಸರಿನ ಜೊತೆಗೇ ದೇಶ ಸುತ್ತಿಸಿದ ಗಂಗೂಬಾಯಿಯವರ ಬೆನ್ನ ಹಿಂದೆ ನುಡಿಯುತ್ತಿದ್ದ ತಂಬೂರಿಯನ್ನು ಯಾರೂ ಕಣ್ಣಿನಿಂದ ಮೆಚ್ಚಿರಲಿಕ್ಕಿಲ್ಲ.

ಐವತ್ತು ಅರವತ್ತು ವರ್ಷ ಹಳೆಯ ಇಟಾಲಿಯನ್ ರೇಸಿಂಗ್ ಸೈಕಲ್ಲು ಈ ಎರಡರಲ್ಲಿ ಯಾವ ಸಾಲಿಗೆ ಸೇರಿದ್ದು? ಕಮಲದ ಸಾಲಿಗೆ ಎನ್ನುವವರೇ ಈಗ ಹೆಚ್ಚು. ಅದಕ್ಕೆ ಕಾರಣವೂ ಇದೆ. ಎದೊವಾರ್ದೊ ಬಿಯಾಂಕಿ 1885ರಲ್ಲಿ ಮಿಲಾನಿನಲ್ಲಿ ಶುರುಮಾಡಿದ ಕಂಪನಿಯ ತಿಳಿ ಹಸಿರು ಬೆರೆತ ಆಕಾಶನೀಲಿ, ಚಿನೆಲ್ಲಿ ಮತ್ತು ಕೊಲ್ನಾಗೊ ಸೈಕಲ್ಲುಗಳಲ್ಲಿ ನಳಿಗೆಗಳು ಕೂಡುವೆಡೆ ಅರದಿಂದ ತಿದ್ದಿ ತೀಡಿದ ಲಗ್ಗುಗಳು, ಕಂಪನ್ಯೋಲೊ ಬಿಡಿಭಾಗಗಳ ಹೊಳಪು, ಇವೆಲ್ಲ ನೋಡಲಿಕ್ಕೆ ಸೊಗಸೇ. ಹಾಗಾಗಿ ಇಂಥ ಸೈಕಲ್ಲುಗಳು ಊರೂರುಗಳ ಕಾಫಿ ಅಂಗಡಿಗಳ ಗೋಡೆ ಏರುತ್ತಿವೆ. ನನ್ನ ತಕರಾರು ಗೋಡೆಯ ಮೇಲಲ್ಲ. ಅಷ್ಟಕ್ಕೇ ಮೆಚ್ಚುಗೆ ಮುಗಿಯಿತು ಎಂದುಕೊಳ್ಳುವುದರ ಮೇಲೆ. ಚಲಿಸಲಿಕ್ಕೆಂದೇ ಮಾಡಿದ ವಸ್ತುವಿನ ಗುಣ ಚಲನೆಯಲ್ಲಲ್ಲದೆ ಬೇರೆಲ್ಲೂ ಬಿಚ್ಚಿಕೊಳ್ಳುವುದಿಲ್ಲ.

ಓಡಿಸಿದರೆ ತಿಳಿಯುವುದಾದರೂ ಏನು? ಮೊದಲು ತೂಕ. ನಮ್ಮ ಕಡೆಯ ಕರಿ ಸೈಕಲ್ಲು ಇಪ್ಪತ್ತು ಕಿಲೋ ಮುಟ್ಟುತ್ತದೆ. ಇದು ಅದರ ಅರ್ಧ, ಉಕ್ಕಿನದೇ ಆದರೂ. ಆಮೇಲೆ ಗೇರು. ಇವತ್ತಿನ ಸೈಕಲ್ಲಿನಲ್ಲಿ ಹ್ಯಾಂಡಲ್ ಮೇಲೇ ಗುಂಡಿ ಇರುತ್ತದೆ, ಒತ್ತಿದರೆ ಟಕ್ ಎಂದು ಚೈನು ಹೊಸ ಹಲ್ಲಿನ ಮೇಲೆ ಕೂರುತ್ತದೆ. ಹಳೆಯದರಲ್ಲಿ ಗೇರಿನ ಸಣ್ಣ ಕಡ್ಡಿ ಫ್ರೇಮಿನ ಓರೆ ನಳಿಗೆಯ ಮೇಲಿರುತ್ತದೆ. ಹ್ಯಾಂಡಲ್ಲಿನಿಂದ ಒಂದು ಕೈ ಬಿಡಬೇಕು, ಪೆಡಲಿನ ಮೇಲಿನ ಭಾರ ಅರೆಗಳಿಗೆ ಇಳಿಸಬೇಕು, ಕಡ್ಡಿಯನ್ನು ಅಂದಾಜಿನಲ್ಲಿ ಸರಿಸಬೇಕು. ಎಲ್ಲಿ ನಿಲ್ಲಿಸಬೇಕೆಂದು ಹೇಳುವ ಟಕ್ ಇಲ್ಲ. ಚೈನು ಕಿರಗುಟ್ಟಿದರೆ ಇನ್ನೊಂದು ಕೂದಲೆಳೆ ಆಚೆ, ಸುಮ್ಮನಾದರೆ ಸರಿ. ಇಲ್ಲಿ ಗೇರು ಬದಲಾಯಿಸುವುದು ಕಿವಿ. ಇದಕ್ಕೂ ಹಿಂದಿನ ಕಂಪನ್ಯೋಲೊ ಗೇರಿನಲ್ಲಂತೂ ಓಡುತ್ತಿರುವಾಗಲೇ ಹಿಂದಿನ ಗಾಲಿಯ ಬಿಗಿ ಸಡಿಲಿಸಿ, ಪೆಡಲು ಹಿಂದಕ್ಕೆ ತುಳಿದು, ಚೈನು ಸರಿಸಿ, ಮತ್ತೆ ಬಿಗಿಮಾಡಬೇಕಿತ್ತು. ಟೂರ್ ದ ಫ್ರಾನ್ಸ್ ನಡೆಸುವವರು ಚೈನು ಸರಿಸುವ ಗೇರುಗಳನ್ನೇ ಸೋಮಾರಿತನವೆಂದು ದೂರವಿಟ್ಟು, ಒಪ್ಪಿಕೊಂಡದ್ದು 1937ರಲ್ಲಿ. ಪ್ರತಿ ತಲೆಮಾರಿಗೂ ಅದರ ಮುಂದಿನದು ಸೋಮಾರಿಯೇ.

ಇದರ ಪರಿಣಾಮ ಏನೆಂದರೆ, ಹಳೆಯ ಸೈಕಲ್ಲು ಸವಾರನನ್ನು ರಸ್ತೆಗಿಂತ ನಾಲ್ಕು ಹೆಜ್ಜೆ ಮುಂದೆ ಇರಿಸುತ್ತದೆ. ಶಿಗ್ಗಾಂವಿ, ಸವಣೂರು ಕಡೆ ಎರಿ ಹೊಲಗಳ ನಡುವೆ ನೆಲ ಬಹುಮಟ್ಟಿಗೆ ಸಮತಟ್ಟು. ಹಾನಗಲ್ ದಾಟಿ ಶಿರಸಿಯ ದಿಕ್ಕಿಗೆ ಮುಖಮಾಡಿದರೆ ಅರೆಮಲೆನಾಡು, ಏರಿಳಿತ ಶುರು. ಅಲ್ಲಿ ಏರಿನ ಬುಡಕ್ಕೆ ಬಂದ ಮೇಲೆ ಗೇರು ಹುಡುಕಿದರೆ ಕೆಟ್ಟಂತೆಯೇ. ಕಣ್ಣಿಗೆ ಬಿದ್ದಾಗಲೇ ಏರನ್ನು ಲೆಕ್ಕ ಹಾಕಿರಬೇಕು. ಬ್ರೇಕು ಹಿಡಿದೊಡನೆ ನಿಲ್ಲುವುದಿಲ್ಲ, ಯೋಚಿಸಿ ನಿಲ್ಲುತ್ತದೆ. ಪಾದವನ್ನು ತೊಗಲಿನ ಪಟ್ಟಿಯಿಂದ ಪೆಡಲಿಗೆ ಬಿಗಿದಿರುತ್ತಾರೆ, ನಿಲ್ಲುವ ಮೊದಲೇ ಬಾಗಿ ಸಡಿಲಿಸಬೇಕು. ಎಮ್ಮೆಗಳ ಹಿಂಡು ಅಡ್ಡ ಬಂದಾಗ ಪಟ್ಟಿ ಮರೆತವನು ಸೈಕಲ್ ಸಮೇತ ನಿಧಾನಕ್ಕೆ ಪಕ್ಕಕ್ಕೆ ವಾಲುತ್ತಾನೆ, ಎಮ್ಮೆಗಳು ಅವನನ್ನು ನೋಡುತ್ತ ನಿಲ್ಲುತ್ತವೆ. ಈ ತಿಳಿವಳಿಕೆಯಲ್ಲಿ ಒಂದಂಶವೂ ಗೋಡೆಯ ಮೇಲಿನ ಸೈಕಲ್ಲಿನಿಂದ ದಕ್ಕುವುದಿಲ್ಲ.

ಓಡಿಸಿದರೆ ಸವೆಯುತ್ತದಲ್ಲ ಎಂಬುದು ಸಂಗ್ರಾಹಕರ ಆಕ್ಷೇಪ. ಸಲ್ಲುವ ಆಕ್ಷೇಪವೇ. ಕೊಮೊ ಸರೋವರದ ಬಳಿ ಘಿಸಾಲ್ಲೊ ಬೆಟ್ಟದ ಮೇಲೊಂದು ಪುಟ್ಟ ಚರ್ಚು ಇದೆ. ಅಲ್ಲಿಯ ಮೇರಿಮಾತೆಯನ್ನು 1949ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಸೈಕಲ್ ಸವಾರರ ರಕ್ಷಕಿ ಎಂದು ಸಾರಿದರು. ಇಟಲಿಯ ಹೆಸರಾಂತ ರೇಸ್ ಸವಾರರಾದ ಫೌಸ್ತೊ ಕೊಪ್ಪಿ, ಜೀನೊ ಬಾರ್ತಾಲಿ ಓಡಿಸಿದ ಸೈಕಲ್ಲುಗಳು ಅಲ್ಲಿನ ಗೋಡೆಗಳ ಮೇಲಿವೆ. ಅವುಗಳನ್ನು ಇಳಿಸಿ ಓಡಿಸಿ ಎಂದು ನಾನು ಹೇಳಲಾರೆ. ಒಂದೇ ಒಂದು ಇರುವ ವಸ್ತು ಸವೆದರೆ ಸಾಕ್ಷ್ಯವೇ ಸವೆಯುತ್ತದೆ. ಮೇಲಾಗಿ ಅವು ಹರಕೆಯಂತೆ ದೇವರಿಗೆ ಒಪ್ಪಿಸಿದವು. ಆದರೆ ನೂರಾರು ಸಾವಿರಾರು ಸಂಖ್ಯೆಯಲ್ಲಿ ತಯಾರಾದ ಸೈಕಲ್ಲಿಗೆ ಈ ಮಡಿ ಯಾಕೆ? ಟೈರು, ಚೈನು, ಬ್ರೇಕಿನ ರಬ್ಬರು, ಬೇರಿಂಗಿನ ಗುಂಡು ಇವು ಸವೆಯಲಿಕ್ಕೆಂದೇ ಇರುವಂಥವು. ಎಣ್ಣೆ ಕಾಣದೆ ನಿಂತ ಸೈಕಲ್ಲಿನ ನಳಿಗೆಯೊಳಗೆ ತುಕ್ಕು ಹಿಡಿಯುತ್ತದೆ, ಗ್ರೀಸು ಮೇಣದಂತೆ ಗಟ್ಟಿಯಾಗುತ್ತದೆ. ನಿಲ್ಲಿಸಿದರೆ ಉಳಿಯುತ್ತದೆ ಎಂಬುದು ಅರ್ಧ ಸುಳ್ಳು.

ಇಟಲಿಯವರು ಇದಕ್ಕೆ ಕಂಡುಕೊಂಡ ದಾರಿ ನನಗೆ ಹಿಡಿಸಿದೆ. ಹಾವೇರಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾದ 1997ರಲ್ಲೇ, ಟಸ್ಕನಿಯ ಗಾಯೋಲೆ ಎಂಬ ಊರಿನಲ್ಲಿ 'ಲೆರೊಯಿಕಾ' ಎಂಬ ಸವಾರಿ ಶುರುವಾಯಿತು. 1987ಕ್ಕಿಂತ ಹಿಂದಿನ ಮಾದರಿಯ ಉಕ್ಕಿನ ರೇಸಿಂಗ್ ಸೈಕಲ್ಲು ಬೇಕು, ಗೇರಿನ ಕಡ್ಡಿ ನಳಿಗೆಯ ಮೇಲಿರಬೇಕು, ಪೆಡಲಿಗೆ ಪಟ್ಟಿ ಇರಬೇಕು. ಓಡಿಸಬೇಕಾದ್ದು ಬಿಳಿ ಕಲ್ಲುಪುಡಿಯ ಹಳ್ಳಿರಸ್ತೆಗಳಲ್ಲಿ. ಆ ರಸ್ತೆಗಳ ಮೇಲೆ ಡಾಂಬರು ಬೀಳದಂತೆ ಉಳಿಸುವುದೂ ಸವಾರಿಯ ಉದ್ದೇಶವಾಗಿತ್ತು. ಸೈಕಲ್ಲಿನ ಜೊತೆಗೆ ಅದು ಓಡುತ್ತಿದ್ದ ನೆಲ, ಅದನ್ನು ರಿಪೇರಿ ಮಾಡುವ ಕೈ, ಹಳೆಯ ಬಿಡಿಭಾಗ ಹುಡುಕಿ ತರುವ ಸಂತೆ ಎಲ್ಲವೂ ಒಟ್ಟಿಗೆ ಉಳಿದವು. ಗೋಡೆ ಉಳಿಸುವುದು ಸೈಕಲ್ಲನ್ನು ಮಾತ್ರ.

ಇನ್ನೊಂದು ಆಕ್ಷೇಪ ನಮ್ಮ ನೆಲದ್ದು, ಹೆಚ್ಚು ಚುಚ್ಚುವಂಥದ್ದು. ಹಿರೇಕೆರೂರಿನಲ್ಲೋ ಸವಣೂರಿನಲ್ಲೋ ಸೈಕಲ್ಲು ಎಂದರೆ ದುಡಿಮೆ. ಮುಂಬೈ ಪ್ರಾಂತದ ಕಾಲದಿಂದ ಇದ್ದ ರ‍್ಯಾಲಿ, ಆಮೇಲೆ ಬಂದ ಹರ್ಕ್ಯುಲಿಸ್, ಅಟ್ಲಾಸ್, ಹೀರೋ ಇವು ಹಾಲಿನ ಕ್ಯಾನು, ಜೋಳದ ಚೀಲ, ವೀಳ್ಯದೆಲೆಯ ಹೊರೆ ಹೊತ್ತವು. ಮುಂದಿನ ಪೈಪಿನ ಮೇಲೆ ಮಗು, ಹಿಂದಿನ ಕ್ಯಾರಿಯರ್ ಮೇಲೆ ಮಗುವಿನ ತಾಯಿ. ಅವು ಗುಜರಿಗೆ ತೂಕದ ಲೆಕ್ಕದಲ್ಲಿ ಹೋಗುತ್ತಿರುವಾಗ ಹೊರೆಯನ್ನೇ ಹೊರದ ವಿದೇಶಿ ಸೈಕಲ್ಲನ್ನು ಮೆಚ್ಚುವುದು ಉಳ್ಳವರ ಶೋಕಿಯಲ್ಲವೆ? ಗೆಲುವಿಗೆ ಹೆಸರಿದೆ, ಹೊರೆಗೆ ಹೆಸರಿಲ್ಲ, ಆದ್ದರಿಂದ ರೇಸಿನ ಸೈಕಲ್ಲು ಪರಂಪರೆ, ಹೊರೆಯದು ಕಬ್ಬಿಣ. ಈ ಅನ್ಯಾಯ ನಡೆಯುತ್ತಿರುವುದು ನಿಜ.

ಆದರೆ ಹೊರೆಗೂ ರೇಸಿಗೂ ಇರುವ ಗೆರೆ ನಾವಂದುಕೊಂಡಷ್ಟು ದಪ್ಪಗಿಲ್ಲ. 1909ರಲ್ಲಿ ಮೊದಲ ಜೀರೊ ದಿತಾಲಿಯಾ ರೇಸು ನಡೆಯಿತು. (ವಿ.ಕೃ. ಗೋಕಾಕರು ಸವಣೂರಿನಲ್ಲಿ ಹುಟ್ಟಿದ್ದೂ ಅದೇ ವರ್ಷ. ಸಂಬಂಧವೇನಿಲ್ಲ, ಕಾಲದ ಅಳತೆಗೆಂದು ಹೇಳಿದೆ.) ಎಂಟು ಹಂತ, 2,448 ಕಿಲೋಮೀಟರು. ಗೆದ್ದ ಲುಯೀಜಿ ಗನ್ನಾ ಗೌಂಡಿ ಕೆಲಸದವನು, ಕೂಲಿಗೆಂದು ದಿನವೂ ಸೈಕಲ್ ತುಳಿದು ಮಿಲಾನಿಗೆ ಹೋಗಿ ಬರುತ್ತಿದ್ದವನು. ಐದು ಸಲ ಜೀರೊ, ಎರಡು ಸಲ ಟೂರ್ ಗೆದ್ದ ಕೊಪ್ಪಿ ಹುಡುಗನಾಗಿದ್ದಾಗ ಕಸಾಯಿ ಅಂಗಡಿಯ ಮಾಂಸವನ್ನು ಸೈಕಲ್ ಮೇಲೆ ಮನೆಮನೆಗೆ ಮುಟ್ಟಿಸುತ್ತಿದ್ದ. ಬಾರ್ತಾಲಿಯ ಕತೆಯಂತೂ ಗೆರೆಯನ್ನೇ ಅಳಿಸುತ್ತದೆ. ಯುದ್ಧಕಾಲದಲ್ಲಿ, ಜರ್ಮನ್ನರು ಯಹೂದಿಗಳನ್ನು ಹುಡುಕಿ ಹಿಡಿಯುತ್ತಿದ್ದಾಗ, ತರಬೇತಿಯ ನೆಪದಲ್ಲಿ ಫ್ಲಾರೆನ್ಸ್ ಮತ್ತು ಅಸ್ಸೀಸಿಯ ನಡುವೆ ತಿರುಗಿ ಅವರಿಗೆ ಬೇಕಾದ ಕಾಗದಪತ್ರಗಳನ್ನು ಫ್ರೇಮಿನೊಳಗೆ ಅಡಗಿಸಿ ಸಾಗಿಸಿದ ಎಂದು ಹೇಳುತ್ತಾರೆ. ಜೆರುಸಲೇಮಿನ ಯಾದ್ ವಾಶೆಮ್ ಸ್ಮಾರಕ ಸಂಸ್ಥೆ 2013ರಲ್ಲಿ ಅವನನ್ನು ಯಹೂದಿಗಳ ಪ್ರಾಣರಕ್ಷಕರ ಸಾಲಿಗೆ ಸೇರಿಸಿತು. ಆ ರೇಸಿಂಗ್ ಸೈಕಲ್ಲು ಹೊತ್ತ ಹೊರೆ ನಮ್ಮ ಯಾವ ಜೋಳದ ಚೀಲಕ್ಕಿಂತಲೂ ಭಾರದ್ದು.

ಹಾಗಾದರೆ ಅಟ್ಟದ ಮೇಲಿನ ರ‍್ಯಾಲಿಯನ್ನೂ ಇಟಲಿಯ ಸೈಕಲ್ಲನ್ನೂ ಎದುರಾಳಿಗಳಂತೆ ನಿಲ್ಲಿಸುವುದು ತಪ್ಪು. ಎರಡನ್ನೂ ಬದುಕಿಸುವವನು ಒಬ್ಬನೇ: ಬಸ್ ಸ್ಟ್ಯಾಂಡಿನ ಪಕ್ಕದ ಸಣ್ಣ ಅಂಗಡಿಯಲ್ಲಿ ಗಾಲಿಯ ಬೆಂಡು ತೆಗೆಯುವ ಸೈಕಲ್ ರಿಪೇರಿಯವನು. ಬೆರಳಲ್ಲಿ ಕಡ್ಡಿ ಮೀಟಿ, ಸಪ್ಪಳದಿಂದ ಬಿಗಿ ಅಳೆಯುವ ವಿದ್ಯೆ ಅವನದು. ಅಂಥವರ ಅಂಗಡಿಗಳು ಈಗ ಮೋಟಾರ್ ಸೈಕಲ್ ಪಂಕ್ಚರಿನ ಮೇಲೆ ನಡೆಯುತ್ತಿವೆ. ಸರ್ಕಾರ 2006-07ರಿಂದ ಎಂಟನೆಯ ಇಯತ್ತೆಯ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ ಹಳ್ಳಿಹಳ್ಳಿಗೆ ಸೈಕಲ್ಲು ಬಂತು, ಜೊತೆಗೆ ರಿಪೇರಿ ಕಲಿತ ಹೊಸ ಹುಡುಗರು ಬರಲಿಲ್ಲ. ಹಳೆಯ ಸೈಕಲ್ಲನ್ನು ಓಡಿಸುವವರು ಅವನ ಅಂಗಡಿಗೆ ಹೋಗಲೇಬೇಕು. ತೂಗುಹಾಕಿದವರಿಗೆ ಬೇಕಾದ್ದು ಬಟ್ಟೆ ಮತ್ತು ಪಾಲಿಶು. ಓಡಿಸಬೇಕು ಎನ್ನಲು ನನಗಿರುವ ದೊಡ್ಡ ಕಾರಣ ಇದೇ.

ರಿಪೇರಿಗೆ ಹೋದಾಗ ಅವನಿಗೆ ಒಂದೆರಡು ಮಾತು ಮೊದಲೇ ಹೇಳಬೇಕು. ಬ್ರಿಟಿಷ್ ಪದ್ಧತಿಯ ನಮ್ಮ ಸೈಕಲ್ಲುಗಳಲ್ಲಿ ಪೆಡಲಿನ ಅಚ್ಚು ಕೂರುವ ಬಲಬದಿಯ ಕಪ್ಪಿಗೆ ಎಡಸುತ್ತಿನ ಮರೆ. ಇಟಲಿಯದಕ್ಕೆ ಎರಡೂ ಬದಿ ಬಲಸುತ್ತು. ಅಭ್ಯಾಸದಂತೆ ತಿರುಗಿಸಿದರೆ ಬಿಚ್ಚುವ ಬದಲು ಬಿಗಿಯುತ್ತದೆ, ಬಲ ಹಾಕಿದರೆ ಮರೆ ಕೆಡುತ್ತದೆ. ಟೈರಿನದು ಇನ್ನೊಂದು ಪೇಚು. ಹಳೆಯ ರೇಸಿಂಗ್ ಟೈರಿನೊಳಗೆ ಟ್ಯೂಬನ್ನಿಟ್ಟು ಹೊಲಿದು, ರಿಮ್ಮಿಗೆ ಅಂಟು ಹಚ್ಚಿ ಕೂರಿಸಿರುತ್ತಾರೆ. ಪಂಕ್ಚರಾದರೆ ಕಿತ್ತು, ಹೊಲಿಗೆ ಬಿಚ್ಚಿ, ತೇಪೆ ಹಾಕಿ, ಮತ್ತೆ ಹೊಲಿದು ಅಂಟಿಸಬೇಕು. ಜಾಲಿ ಮುಳ್ಳಿನ ಸೀಮೆಯಲ್ಲಿ ಇದು ಸಾಗುವ ಮಾತಲ್ಲ. ಮೂಲರೂಪ ಕೆಡಿಸಬಾರದು ಎನ್ನುವವರು ಒಪ್ಪಲಿಕ್ಕಿಲ್ಲ, ಆದರೂ ಸಾದಾ ಟೈರು ಕೂರುವ ರಿಮ್ಮು ಹಾಕಿಸಿಕೊಳ್ಳುವುದೇ ಸರಿ ಎಂದು ನನ್ನ ಮತ. ಮರಳಿ ಮೊದಲಿನಂತೆ ಮಾಡಲು ಬರುವ ಬದಲಾವಣೆ ಏನಿದ್ದರೂ ನಡೆಯುತ್ತದೆ. ಫ್ರೇಮನ್ನು ಕೊರೆಯುವುದು, ಬೆಸೆಯುವುದು ಮಾತ್ರ ಕೂಡದು. ಹೊಸ ರಿಮ್ಮಿಗೆ ಗಾಲಿ ಹೆಣೆಯಲಿಕ್ಕೆ ಹುಬ್ಬಳ್ಳಿಗೇ ಹೋಗಬೇಕೆಂದಿಲ್ಲ, ಕಡ್ಡಿ ಹೆಣೆಯುವ ಕೈ ಸಿಕ್ಕರೆ ನಮ್ಮ ಊರುಗಳಲ್ಲೇ ಆದೀತು. ಎರಡೂ ಗಾಲಿಗೆ 36 ಕಡ್ಡಿ ಎಂದು ಮೊದಲೇ ಹೇಳಿರಬೇಕು ಅಷ್ಟೆ. ಇಲ್ಲದಿದ್ದರೆ ರೂಢಿಯಂತೆ ಮುಂದಿನದಕ್ಕೆ 32, ಹಿಂದಿನದಕ್ಕೆ 40 ಎಣಿಸಿ ಇಟ್ಟಿರುತ್ತಾರೆ.