ಗ್ವಾಡಿ ಇನ್ನಾ ಹಸಿ ಐತ್ರೀ ಸರ

ಹೋದ ಮಳೆಗಾಲದಲ್ಲಿ ನಮ್ಮ ಮನೆಯ ಗೋಡೆ ಉಬ್ಬಿಕೊಂಡಿತು. ಮೊದಲು ಒಂದು ರೂಪಾಯಿ ನಾಣ್ಯದಷ್ಟು ಗುಳ್ಳೆ. ಆಮೇಲೆ ಸೆಟ್ ದೋಸೆಯಷ್ಟು. ಒಂದು ಭಾನುವಾರ ಸುಮ್ಮನೆ ಉಗುರು ತಾಗಿಸಿದೆ ನೋಡಿ, ಹಾಲಿನ ಕೆನೆ ಥರ ಒಂದಡಿ ಬಣ್ಣ ಕೈಗೇ ಬಂತು. ಹಿಂದೆ ಬಿಳಿ ಬಿಳಿ ಉಪ್ಪಿನಂಥ ಪುಡಿ. ವೈಟ್‌ಫೀಲ್ಡ್‌ನ ಅಂಗಡಿಯಲ್ಲಿ ಇದ್ದುದರಲ್ಲೇ ಹೆಚ್ಚು ಬೆಲೆಯ ಡಬ್ಬಿ ಅದು. ಮೇಲೆ ‘ಲಕ್ಷುರಿ’ ಅಂತ ಬೇರೆ ಬರೆದಿತ್ತು.

ನಾನೇನು ಮಾಡಿದೆ? ನಾವೆಲ್ಲ ಮಾಡುವುದನ್ನೇ. ಫೋಟೋ ತೆಗೆದು ಪೇಂಟರ್‌ಗೆ ವಾಟ್ಸ್ಯಾಪ್ ಮಾಡಿದೆ. ‘ಮಳೆಗಾಲ ಕಳೀಲಿ, ನೋಡೋಣ’ ಅಂತ ಹಿಡಿದಿಟ್ಟುಕೊಂಡಿದ್ದ 9,000 ರೂಪಾಯಿ ಇನ್ನು ಕೊಡಲ್ಲ ಎಂದೆ. ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ‘ಇವರನ್ನು ಯಾರೂ ಕರೆಯಬೇಡಿ’ ಎಂದು ಬರೆದೆ. ಹದಿನಾಲ್ಕು ಜನ ಹೆಬ್ಬೆರಳು ಎತ್ತಿದರು. ಮನಸ್ಸಿಗೆ ತುಂಬಾ ಸಮಾಧಾನ ಆಯ್ತು.

ಇದರಲ್ಲಿ ಆ ಮನುಷ್ಯನ ತಪ್ಪು ಎಷ್ಟಿತ್ತು ಅಂದರೆ, ಸೊನ್ನೆ. ತಪ್ಪು ನನ್ನದು. ನಿಮ್ಮ ಮನೆ ಗೋಡೆಯೂ ಸಿಪ್ಪೆ ಬಿಡುತ್ತಿದ್ದರೆ, ಬಹುಶಃ ನಿಮ್ಮದೂ.

ನಡೆದದ್ದು ಇಷ್ಟು. ವರ್ಕ್ ಫ್ರಂ ಹೋಮ್‌ಗೆ ಒಂದು ಸಣ್ಣ ರೂಮು ಬೇಕೆಂದು ಹಾಲ್‌ನಲ್ಲಿ ಅಡ್ಡಗೋಡೆ ಎಬ್ಬಿಸಿದ್ದೆವು. ಸಿಮೆಂಟ್ ಪ್ಲಾಸ್ಟರ್ ಮಾಡಿ ಹನ್ನೊಂದು ದಿನ ಆಗಿತ್ತು. ಗೃಹಪ್ರವೇಶಕ್ಕೆ ಉಳಿದದ್ದು ಎಂಟು ದಿನ. ರಾಯಚೂರು ಕಡೆಯ ಆ ಪೇಂಟರ್ ಬಂದರು, ಗೋಡೆಗೆ ಅಂಗೈ ಒತ್ತಿದರು, ಹೇಳಿದರು: ‘ಗ್ವಾಡಿ ಇನ್ನಾ ಹಸಿ ಐತ್ರೀ ಸರ. ಒಂದ್ ತಿಂಗ್ಳ ಬಿಟ್ಟು ಮಾಡೂಣು.’ ನಾನು ನಕ್ಕೆ. ‘ಮುಹೂರ್ತ ಫಿಕ್ಸ್ ಆಗಿದೆ, ಮಾಡಿಬಿಡಿ’ ಎಂದೆ. ಅವರು ಇನ್ನೊಂದು ಸಲ ಹೇಳಲಿಲ್ಲ. ಹೇಳಿದ್ದರೆ ನಾನು ಬೇರೆಯವರನ್ನು ಕರೆಯುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು.

ಹೊಸ ಸಿಮೆಂಟ್ ಗೋಡೆ ಮುಟ್ಟಿದರೆ ಒಣಗಿದಂತೆ ಕಾಣುತ್ತೆ, ಒಳಗೆ ಒಣಗಿರುವುದಿಲ್ಲ. ಅದು ಗಟ್ಟಿಯಾಗಿ ಒಣಗಲು ಕನಿಷ್ಠ 28 ದಿನ ಬೇಕು. ಮೋಡ ಕವಿದ ದಿನಗಳಾದರೆ ಇನ್ನೂ ಜಾಸ್ತಿ. ಅಷ್ಟು ದಿನ ಒಳಗಿನ ನೀರು ಹೊರಗೆ ಬರುತ್ತಲೇ ಇರುತ್ತೆ, ಬರುವಾಗ ಲವಣಗಳನ್ನೂ ಹೊತ್ತು ತರುತ್ತೆ. ಜೊತೆಗೆ ಹೊಸ ಸಿಮೆಂಟು ಸುಣ್ಣದ ತಿಳಿಯಂತೆ ತೀಕ್ಷ್ಣ ಕ್ಷಾರ. ಅದರ ಮೇಲೆ ಎಣ್ಣೆ ಬಣ್ಣ ಬಳಿದರೆ ಎಣ್ಣೆಯೂ ಕ್ಷಾರವೂ ಸೇರಿ ಆಗುವುದು ಏನು ಗೊತ್ತಾ? ಸಾಬೂನು. ತಮಾಷೆಯಲ್ಲ, ರಸಾಯನಶಾಸ್ತ್ರವೇ ಅದು. ನೀರಿನ ಎಮಲ್ಷನ್ ಬಳಿದರೆ, ಹೊರಬರಲು ದಾರಿ ಸಾಲದ ನೀರು ಬಣ್ಣವನ್ನೇ ದೂಡಿ ಗುಳ್ಳೆ ಎಬ್ಬಿಸುತ್ತೆ. ಡಬ್ಬಿ ಎಷ್ಟು ಲಕ್ಷುರಿ ಆದರೂ ನೀರಿಗೆ ಅದು ಗೊತ್ತಾಗಲ್ಲ.

ನಮ್ಮ ಅಜ್ಜಿ ಮನೆಯಲ್ಲಿ ಹಬ್ಬಕ್ಕೆ ಮುಂಚೆ ಸುಣ್ಣ ಕಾರಣೆ ಆಗುತ್ತಿತ್ತು. ಸುಣ್ಣ ಅಂಗಿಗೆ ಹತ್ತುತ್ತಿತ್ತು, ನಿಜ. ಆದರೆ ಸುಣ್ಣ ಗೋಡೆಯ ತೇವವನ್ನು ಹೊರಗೆ ಬಿಡುತ್ತೆ, ಹಾಳೆ ಹಾಳೆಯಾಗಿ ಕಿತ್ತು ಬರಲ್ಲ. ನಾವು ಗೋಡೆಗೆ ಪ್ಲಾಸ್ಟಿಕ್ ಪದರ ಹೊದಿಸುವ ಕಾಲಕ್ಕೆ ಬಂದಿದ್ದೇವೆ. ಬರೋಣ, ಬೇಡ ಅನ್ನಲ್ಲ. ಆದರೆ ಆ ಪದರ ಕೇಳುವ ತಾಳ್ಮೆಯನ್ನು ಮಾತ್ರ ಕೊಡಲ್ಲ ಅಂತೀವಿ.

ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ಪೀಣ್ಯ. ಅಲ್ಲಿ ಗೆಳೆಯನೊಬ್ಬ ಪೌಡರ್ ಕೋಟಿಂಗ್ ಘಟಕ ನಡೆಸುತ್ತಾನೆ. ಕರೆಂಟ್ ಪ್ಯಾನೆಲ್ಲಿನ ತಗಡು ಬಾಗಿಲುಗಳಿಗೆ ಬಣ್ಣ ಕೂರಿಸುವ ಕೆಲಸ. ಸಾಲಾಗಿ ಏಳು ತೊಟ್ಟಿ. ಒಂದರಲ್ಲಿ ಜಿಡ್ಡು ತೆಗೆಯಬೇಕು, ಇನ್ನೊಂದರಲ್ಲಿ ತುಕ್ಕು, ಮತ್ತೊಂದರಲ್ಲಿ ಫಾಸ್ಫೇಟ್ ಪದರ, ನಡುನಡುವೆ ತೊಳೆಯೋದು. ಆಮೇಲೆ ಒಣಗಿಸಿ, ಪೌಡರ್ ಹೊಡೆದು, ಸುಮಾರು 180ರಿಂದ 200 ಡಿಗ್ರಿ ಬಿಸಿಯ ಒಲೆಗೆ. ಕೊನೆಗೆ ಮಾದರಿ ತುಂಡಿನ ಮೇಲೆ ಬ್ಲೇಡಿನಿಂದ ಚೌಕುಳಿ ಗೆರೆ ಎಳೆದು, ಟೇಪ್ ಅಂಟಿಸಿ, ಕಿತ್ತು ನೋಡುತ್ತಾರೆ. ಚೌಕಗಳು ಟೇಪಿನ ಜೊತೆ ಎದ್ದು ಬಂದರೆ ಮಾಲು ಫೇಲು. ‘ಪೌಡರ್ ಹೊಡೆಯೋದು ಐದ್ ನಿಮಿಷ ಮಾರಾಯ. ಮಿಕ್ಕಿದ್ದೆಲ್ಲ ಅದಕ್ಕೆ ಮುಂಚಿನ ಕೆಲಸ’ ಅಂದ ಅವನು.

ಕಾರ್ಖಾನೆಯ ಮೂಲೆಯಲ್ಲಿ ಯಾರೂ ನೋಡದ ತಗಡಿನ ಬಾಗಿಲಿಗೆ ಏಳು ತೊಟ್ಟಿ. ಇಪ್ಪತ್ತು ವರ್ಷ ಸಾಲ ಕಟ್ಟುವ ಮನೆಗೆ ‘ಮೂರು ದಿನದಲ್ಲಿ ಮುಗಿಸ್ತೀರಾ?’

ಯಾಕೆ ಹೀಗೆ? ನಾವು ಕೊಳ್ಳುವ ರೀತಿಯೇ ಹಾಗಿದೆ. ಶೇಡ್ ಕಾರ್ಡ್ ಹಿಡಿದು ಎರಡು ವಾರ ಜಗಳ ಆಡ್ತೀವಿ. ಬಿಳಿಯಲ್ಲೇ ನಲವತ್ತು ಬಿಳಿ ನೋಡ್ತೀವಿ. ಪೇಂಟರ್ ಜೊತೆ ಮಾತ್ರ ಚದರಡಿಗೆ ಒಂದು ರೂಪಾಯಿ ಕಮ್ಮಿ ಮಾಡಿಸಲು ಅರ್ಧ ಗಂಟೆ ಕೂರ್ತೀವಿ. ಚದರಡಿ ಲೆಕ್ಕ ಅಂದರೆ ಏನು? ಪುಟ್ಟಿ ಒಣಗಲಿ ಎಂದು ಕಾದ ದಿನಕ್ಕೆ ಸೊನ್ನೆ ರೂಪಾಯಿ. ಉಪ್ಪುಕಾಗದ ಹಿಡಿದು ಎರಡನೇ ಸಲ ಉಜ್ಜಿದ್ದಕ್ಕೆ ಸೊನ್ನೆ. ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿದ್ದಕ್ಕೆ ಸೊನ್ನೆ. ಗೋಡೆ ನುಣ್ಣಗಾಗುವುದು, ಬಣ್ಣ ಬಾಳುವುದು ಇವೇ ಕೆಲಸಗಳಿಂದ. ಯಾವುದರಿಂದ ಬಾಳಿಕೆ ಬರುತ್ತೋ ಅದಕ್ಕೊಂದಕ್ಕೆ ಮಾತ್ರ ನಾವು ಕಾಸು ಕೊಡಲ್ಲ.

ಆಫೀಸಿನಲ್ಲಿ ಇದಕ್ಕೆ ಟೆಕ್ನಿಕಲ್ ಡೆಟ್ ಅಂತೀವಿ. ರಿಲೀಸ್ ಡೇಟ್ ಮೊದಲೇ ಘೋಷಿಸಿ ಟೆಸ್ಟಿಂಗ್ ಕತ್ತರಿಸಿದ ಮ್ಯಾನೇಜರನ್ನು ಕ್ಯಾಂಟೀನಿನಲ್ಲಿ ಬಾಯಿತುಂಬ ಬೈತೀವಿ. ಮನೆಗೆ ಬಂದ ಕೂಡಲೇ ನಾವೇ ಆ ಮ್ಯಾನೇಜರ್.

ಬಾಗಿಲು ಚೌಕಟ್ಟು, ಕಿಟಕಿ, ಸ್ಕರ್ಟಿಂಗ್ ಪಟ್ಟಿಗಳ ಕಥೆ ಇನ್ನೂ ಕಷ್ಟ. ಮನೆಯಲ್ಲಿ ಕೈ ಹೆಚ್ಚು ತಾಗುವುದು ಅಲ್ಲಿ. ಕಾಲು, ಪೊರಕೆ, ಮಾಪ್, ಮಗುವಿನ ಸೈಕಲ್ಲು, ಎಲ್ಲ ಗುದ್ದುವುದು ಅಲ್ಲೇ. ಆದರೂ ‘ಉಳಿದ ಟೈಮಲ್ಲಿ ಅದನ್ನೂ ಒಂದ್ ಕೈ ಎಳೆದುಬಿಡಿ’ ಅಂತೀವಿ. ಹಳೇ ಎಣ್ಣೆ ಎನಾಮೆಲ್ ಗಾಜಿನ ಹಾಗೆ ಮಿರಮಿರ ಅನ್ನುತ್ತಿರುತ್ತೆ. ಅದನ್ನು ಉಜ್ಜಿ ಮಂಕು ಮಾಡಿ, ಜಿಡ್ಡು ತೊಳೆದು, ಪ್ರೈಮರ್ ಕೊಡದೆ ಮೇಲೆ ಹೊಸ ನೀರಿನ ಬಣ್ಣ ಬಳಿದರೆ ಹಿಡಿಯಲು ಅದಕ್ಕೆ ಏನೂ ಸಿಗಲ್ಲ, ಕೀ ಗೊಂಚಲು ತಾಗಿದರೆ ಎದ್ದು ಬರುತ್ತೆ. ಮೊಳೆ ತೂತು ತುಂಬಿ, ಮರದ ನಾರಿನ ಗುಂಟ ಉಜ್ಜಿ, ಪ್ರೈಮರ್ ಕೊಟ್ಟು, ಮತ್ತೆ ಉಜ್ಜಿ, ಒಂದು ತೆಳು ಕೋಟು, ಒಣಗಿದ ಮೇಲೆ 320ರ ಕಾಗದದಲ್ಲಿ ಮೆಲ್ಲಗೆ ಉಜ್ಜಿ, ಇನ್ನೊಂದು ತೆಳು ಕೋಟು. ಎರಡು ತೆಳು ಕೋಟು ಬಾಳಿದಷ್ಟು ಒಂದು ದಪ್ಪ ಕೋಟು ಬಾಳಲ್ಲ. ದಪ್ಪ ಬಳಿದದ್ದು ಮೇಲೆ ಒಣಗಿ ಒಳಗೆ ಹಸಿಯಾಗೇ ಉಳಿದು, ಇಳಿದು, ಸುಕ್ಕುಗಟ್ಟುತ್ತೆ.

ಬಾಡಿಗೆ ಮನೆಯವರಿಗೆ ಈ ನೋವು ಇನ್ನೊಂದು ಥರ ಗೊತ್ತು. ಖಾಲಿ ಮಾಡುವಾಗ ಡಿಪಾಸಿಟ್ಟಿನಿಂದ ಒಂದು ತಿಂಗಳ ಬಾಡಿಗೆ ‘ಪೇಂಟಿಂಗ್ ಚಾರ್ಜ್’ ಎಂದು ಮುರಿದುಕೊಳ್ಳುತ್ತಾರೆ. ನಾನೂ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೊಟ್ಟು ಬಂದವನು. ಮುಂದಿನವರು ಬಂದಾಗ ನೋಡಿದರೆ, ಅಡಿಗೆ ಮನೆಯ ಎಣ್ಣೆ ಜಿಡ್ಡಿನ ಮೇಲೆ, ಮೊಳೆಯ ಮೇಲೆ, ಜೇಡರ ಬಲೆಯ ಮೇಲೆ, ಸ್ವಿಚ್ ಬೋರ್ಡಿನ ಅಂಚಿನ ಮೇಲೂ ಒಂದೇ ಕೋಟು. ಒಂದು ದಿನದ ಕೆಲಸ, ಒಂದು ತಿಂಗಳ ಬಾಡಿಗೆ. ಆಗ ನಾನು ಓನರನ್ನು ಬೈದಿದ್ದೆ. ಸ್ವಂತ ಮನೆಯಾದ ಮೇಲೆ ನಾನು ಮಾಡಿದ್ದೂ ಅದನ್ನೇ, ಡಬ್ಬಿ ಮಾತ್ರ ದುಬಾರಿ.

ಅವಸರದ ಬೆಲೆ ಗೋಡೆ ಮಾತ್ರ ಕೊಡುವುದಲ್ಲ. ಪುಟ್ಟಿ ಉಜ್ಜುವಾಗ ಏಳುವ ಹಿಟ್ಟಿನಂಥ ಧೂಳು ಕಿಟಕಿ ಮುಚ್ಚಿದ ರೂಮಿನಲ್ಲಿ ಆ ಮನುಷ್ಯನ ಎದೆಗೆ ಹೋಗುತ್ತೆ. ಬಾಯಿಗೆ ಅವರು ಕಟ್ಟಿಕೊಳ್ಳುವುದು ಒಂದು ಕರ್ಚೀಫು. ಕೋವಿಡ್ ಕಾಲದಲ್ಲಿ ಡಬ್ಬಗಟ್ಟಲೆ ಎನ್-95 ಮಾಸ್ಕ್ ತರಿಸಿದ ನಮಗೆ ಅವರಿಗೊಂದು ಕೊಡಲು ನೆನಪಾಗಲ್ಲ. ಹಳೇ ಮನೆ ಕೊಂಡವರಿಗೆ ಇನ್ನೊಂದು ಮಾತು. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಎನಾಮೆಲ್‌ನಲ್ಲಿ, ಅದರಲ್ಲೂ ಗಾಢ ಹಳದಿ, ಕೆಂಪು ಬಣ್ಣಗಳಲ್ಲಿ, ಸೀಸ ಇರಬಹುದು. ಆ ಕಿಟಕಿ ಬಾಗಿಲುಗಳನ್ನು ಒಣದಾಗಿ ಉಜ್ಜಿದರೆ ಧೂಳು ಮಗು ತೆವಳುವ ನೆಲಕ್ಕೇ ಬೀಳುತ್ತೆ. ಸೀಸ ಮಕ್ಕಳ ಮಿದುಳಿಗೆ ವಿಷ. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರೊ. ತುಪ್ಪಿಲ್ ವೆಂಕಟೇಶ್ ಇದನ್ನು ದಶಕಗಳಿಂದ ಹೇಳಿಕೊಂಡು ಬಂದರು. ನೀರು ಹಚ್ಚಿ ಉಜ್ಜಿದರೆ ಧೂಳು ಏಳಲ್ಲ. ಆದರೆ ನೀರು ಹಚ್ಚಿದ್ದು ಒಣಗಬೇಕಲ್ಲ? ಮತ್ತೆ ಅದೇ, ಒಂದು ದಿನ.

‘ಸ್ವಾಮಿ, ಒಂದು ಕಡೆ ಇಎಂಐ, ಇನ್ನೊಂದು ಕಡೆ ಬಾಡಿಗೆ. ತಿಂಗಳು ಕಾಯೋಕೆ ದುಡ್ಡು ನೀವು ಕೊಡ್ತೀರಾ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನನ್ನ ತಲೆಯಲ್ಲೂ ಆಗ ಇದೇ ಲೆಕ್ಕ ಓಡುತ್ತಿತ್ತು. ಆದರೆ ಬರೀ ಪ್ಲಾಸ್ಟರ್ ಗೋಡೆಯ ಮನೆಯಲ್ಲಿ ವಾಸ ಮಾಡಬಾರದು ಅಂತ ಯಾವ ಶಾಸ್ತ್ರದಲ್ಲಿದೆ? ಗೃಹಪ್ರವೇಶಕ್ಕೆ ಹಾಲು ಉಕ್ಕಿದರೆ ಸಾಕು, ಬಣ್ಣ ಉಬ್ಬಬೇಕಾಗಿಲ್ಲ. ಮಾವಿನ ತೋರಣ, ಒಂದಿಷ್ಟು ಚೆಂಡು ಹೂವು ಕಟ್ಟಿದರೆ ಬಂದವರು ಗೋಡೆ ನೋಡಲ್ಲ, ಊಟ ನೋಡ್ತಾರೆ. ಒಳಗೆ ಹೋಗಿ ಬಾಡಿಗೆ ಉಳಿಸಿ, ತಿಂಗಳಾದ ಮೇಲೆ ಒಂದೊಂದೇ ರೂಮು ಮಾಡಿಸಿ. ಸಾಮಾನು ಸರಿಸುವ ತಾಪತ್ರಯ ಇದೆ, ಒಪ್ಪಿದೆ. ಉಬ್ಬಿದ ಬಣ್ಣ ಕೆರೆಸುವಾಗಲೂ ಅದೇ ಸಾಮಾನು ಸರಿಸಬೇಕು, ಆಗ ದುಡ್ಡೂ ಎರಡು ಸಲ.

ಹಾಗಾದರೆ ಮಾಡಬೇಕಾದದ್ದು? ದೊಡ್ಡದೇನಲ್ಲ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಮಾರನೇ ದಿನ ತೆಗೆದು ನೋಡಿ. ಒಳಮೈಯಲ್ಲಿ ಬೆವರು ಕಂಡರೆ ಬಣ್ಣದ ಮಾತು ಆಡಬೇಡಿ. ಪುಟ್ಟಿ ಉಜ್ಜಿದ ಮೇಲೆ ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚ್ ಗೋಡೆಗೆ ತಾಗಿಸಿ ಓರೆಯಾಗಿ ಬಿಡಿ. ಎಲ್ಲ ಉಬ್ಬು ತಗ್ಗು ಆಗಲೇ ಕಾಣುತ್ತೆ, ತಿದ್ದಿಸಬೇಕಾದದ್ದು ಆಗಲೇ, ಕೊನೇ ಕೋಟು ಆದ ಮೇಲಲ್ಲ. ಬಣ್ಣಕ್ಕೆ ಡಬ್ಬಿಯ ಮೇಲೆ ಬರೆದಷ್ಟೇ ನೀರು. ಹಣವನ್ನು ಹಂತ ಹಂತವಾಗಿ ಕೊಡಿ: ತಯಾರಿಗೆ ಇಷ್ಟು, ಪ್ರೈಮರ್‌ಗೆ ಇಷ್ಟು, ಬಣ್ಣಕ್ಕೆ ಇಷ್ಟು, ಅದರಲ್ಲಿ ದೊಡ್ಡ ಪಾಲು ತಯಾರಿಗೇ ಇರಲಿ. ಒಣಗುವ ದಿನಗಳನ್ನು ಮೊದಲೇ ಗುರುತು ಹಾಕಿದರೆ ಆ ದಿನ ಅವರು ಇನ್ನೊಂದು ಮನೆಗೆ ಹೋಗ್ತಾರೆ, ಯಾರಿಗೂ ನಷ್ಟ ಇಲ್ಲ. ಮತ್ತೆ ಅವರು ಅಂಗೈ ಒತ್ತಿ ‘ಹಸಿ ಐತಿ’ ಅಂದರೆ ನಗಬೇಡಿ.

ಪೀಣ್ಯದಿಂದ ಬಂದ ರಾತ್ರಿ ಗ್ರೂಪಿನ ಆ ಮೆಸೇಜ್ ಅಳಿಸೋಣ ಎಂದು ನೋಡಿದೆ. ಆಗಲೇ ತುಂಬ ದಿನ ಆಗಿತ್ತು, ಅಳಿಸಲು ಬರಲಿಲ್ಲ. ‘ತಪ್ಪು ನನ್ನದು, ಅವರು ಮೊದಲೇ ಎಚ್ಚರಿಸಿದ್ದರು’ ಎಂದು ಕೆಳಗೆ ಹೊಸದಾಗಿ ಬರೆದೆ. ಹೆಬ್ಬೆರಳು ಎತ್ತಿದವರು ಇಬ್ಬರು. 9,000 ಕಳಿಸಿ ಫೋನ್ ಮಾಡಿದೆ, ತಪ್ಪಾಯ್ತು ಎಂದೆ. ಆ ಗೋಡೆ ಪೂರ್ತಿ ಕೆರೆದು ಮತ್ತೆ ಮಾಡಿಕೊಡ್ತೀರಾ, ಈ ಸಲ ಬೇರೆ ಹಣ, ಎಂದು ಕೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು: ‘ಮಾಡೂಣ್ರೀ ಸರ. ಈ ಸಲ ಎಷ್ಟ್ ದಿನಾ ಕೊಡ್ತೀರಿ?’