ರಾಜ್ಯ ಯಾಕ್ರೀ, ಮಳಿಗೆ ಸಾಕು

ಕ್ರುಸೇಡರ್ ಕಿಂಗ್ಸ್ 2 ಅನ್ನೋ ಕಂಪ್ಯೂಟರ್ ಆಟದಲ್ಲಿ ವೆನಿಸ್ ಹಿಡಿದವರು ದುಡ್ಡು ಸೇರಿದ ಕೂಡಲೇ ಊರು ಗೆಲ್ಲೋಕೆ ಹೊರಡ್ತಾರೆ. ಯಲಹಂಕದ ನಮ್ಮ ಗುಂಪಲ್ಲೂ ಇದೇ ಕಥೆ. ದಂಡ ಕಣ್ರೀ! ಗೆದ್ದ ಊರಿನ ಪಾಳೆಗಾರರಿಗೆ ವ್ಯಾಪಾರಿ ದೊರೆ ಅಂದ್ರೇ ಆಗಲ್ಲ. ಲಾಭ ಇರೋದು ಸಾಲಾಗಿ ಹಿಡಿದ ಬಂದರುಗಳ ಮಳಿಗೆಗಳಲ್ಲಿ. (ಮನೆತನದಲ್ಲಿ ಬೆಳೆದ ಗಂಡಸರು ಹೆಚ್ಚಿದಷ್ಟೂ ಮಳಿಗೆ ಜಾಸ್ತಿ. ಹಾಗಾಗಿ ಮದುವೆ ಮಾಡಿಸೋದೇ ದೊಡ್ಡ ಕೆಲಸ!)

ನಮ್ಮ ಅಯ್ಯಾವೊಳೆ ಐನೂರ್ವರು ಬೆಳೆದದ್ದೂ ಹೀಗೇ. ಐಹೊಳೆಯ ಹೆಸರು ಹೊತ್ತ ಆ ವರ್ತಕರ ಸಂಘಕ್ಕೆ ಸ್ವಂತ ಕಾವಲುಪಡೆ ಇತ್ತು, ರಾಜ್ಯ ಇರಲಿಲ್ಲ. ಚಾಲುಕ್ಯರು, ಚೋಳರು ಹೊಡೆದಾಡ್ತಿದ್ರೂ ಇವರ ವ್ಯಾಪಾರ ಎರಡೂ ಕಡೆ. 1088ರ ಇವರದೊಂದು ತಮಿಳು ಶಾಸನ ಸುಮಾತ್ರಾದಲ್ಲೇ ಸಿಕ್ಕಿದೆ!

2014ರಲ್ಲಿ ಆಟಕ್ಕೆ ಭಾರತ ಸೇರಿದಾಗ ಅದರ ಹೆಸರು 'ರಾಜಾಸ್ ಆಫ್ ಇಂಡಿಯಾ'. ಸ್ವೀಡನ್ನಿನವರನ್ನ ಯಾಕೆ ಬೈಯೋದು? ನಾವೂ ಪುಲಿಕೇಶಿ ಅಂದ್ರೆ ಎದೆ ಉಬ್ಬಿಸ್ತೀವಿ, ಐಹೊಳೆಗೆ ಹೋದ್ರೆ ದುರ್ಗದ ಗುಡಿ ಮುಂದೆ ಫೋಟೋ ತೆಗೆಸ್ಕೊಂಡು ಬಸ್ ಹತ್ತುತ್ತೀವಿ.