ಗುರುತೂ ಅದೇ, ಗುರಿಯೂ ಅದೇ

ಸ್ತನದ ಕ್ಯಾನ್ಸರಿಗೆ ತುತ್ತಾದ ಸ್ತ್ರೀಯ ಗೆಡ್ಡೆಯಿಂದ ನೂಲೆಳೆಯಂತಹ ಒಂದು ಚೂರನ್ನು ತೆಗೆದು ಪ್ರಯೋಗಶಾಲೆಗೆ ಕಳುಹಿಸುವುದುಂಟು. ಅಲ್ಲಿ ಅದನ್ನು ತೆಳುವಾಗಿ ಹೆರೆದು, ಗಾಜಿನ ಫಲಕದ ಮೇಲಿರಿಸಿ, ಬಣ್ಣ ಹಾಯಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವರು. ಜೀವಕೋಶಗಳ ಸುತ್ತ ಕಂದು ಗೆರೆ ಎಷ್ಟು ದಟ್ಟವಾಗಿ ಮೂಡಿದೆಯೆಂಬುದನ್ನು ನೋಡಿ ಸೊನ್ನೆಯಿಂದ ಮೂರರವರೆಗೆ ಒಂದು ಅಂಕ ಕೊಡುವರು. ಆಕೆಗೆ ಯಾವ ಔಷಧ ಸಲ್ಲುವುದು, ಯಾವುದು ಸಲ್ಲದು ಎಂಬುದನ್ನು ಬಹುಮಟ್ಟಿಗೆ ಈ ಅಂಕವೇ ನಿರ್ಣಯಿಸುವುದು. ಆ ಗೆರೆಗೆ ಕಾರಣವಾದ ಪ್ರೋಟೀನಿನ ಹೆಸರು ಹರ್-2.

ಜೀವಕೋಶದ ಹೊರಪೊರೆಯಲ್ಲಿ ನೆಲೆನಿಂತಿರುವ ಈ ಅಣು, ಹೊರಗಿನ ಸುದ್ದಿಯನ್ನು ಒಳಕ್ಕೆ ಮುಟ್ಟಿಸುವ ದ್ವಾರಪಾಲಕನಿದ್ದಂತೆ. 'ಬೆಳೆ, ಇಬ್ಭಾಗವಾಗು' ಎಂಬುದೇ ಆ ಸುದ್ದಿ. ಇದರ ದಾಯಾದಿ ಅಣುಗಳು ತಮಗೆ ತಕ್ಕ ದ್ರವ್ಯವೊಂದು ಬಂದು ತಗುಲುವವರೆಗೆ ತೆಪ್ಪಗಿರುತ್ತವೆ. ಹರ್-2ಕ್ಕೆ ಅಂತಹ ಸ್ವಂತ ದ್ರವ್ಯವಾವುದೂ ಈವರೆಗೆ ಕಂಡುಬಂದಿಲ್ಲ. ಅದು ಸದಾ ಸನ್ನದ್ಧ. ನೆರೆಯ ಅಣುವಿನೊಡನೆ ಕೈಜೋಡಿಸಿತೆಂದರೆ ಆಜ್ಞೆ ಹೊರಟಂತೆಯೇ. ಆರೋಗ್ಯವಂತ ಕೋಶದಲ್ಲಿ ಇದನ್ನು ತಯಾರಿಸುವ ಜೀನಿನ ಪ್ರತಿಗಳು ಎರಡೇ. ಕೆಲವು ಗೆಡ್ಡೆಗಳಲ್ಲಾದರೋ ಅವು ಹತ್ತಿಪ್ಪತ್ತಕ್ಕೆ ಏರುತ್ತವೆ. ಬಾಗಿಲ ತುಂಬ ದ್ವಾರಪಾಲಕರು ಕಿಕ್ಕಿರಿದು ಹಗಲಿರುಳೂ ಕೂಗಿದರೆ ಮನೆಯೊಳಗೆ ಶಾಂತಿಯೆಲ್ಲಿ!

ಈ ಜೀನಿನ ಸುಳಿವು ಮೊದಲು ದೊರೆತದ್ದು ಅಮೆರಿಕದ ರಾಬರ್ಟ್ ವೈನ್‌ಬರ್ಗರ ಪ್ರಯೋಗಶಾಲೆಯಲ್ಲಿ, ಇಲಿಯ ನರಗೆಡ್ಡೆಯೊಂದರಲ್ಲಿ. 1985ರಲ್ಲಿ ಜೆನೆನ್‌ಟೆಕ್ ಸಂಸ್ಥೆಯ ಆಕ್ಸೆಲ್ ಉಲ್‌ರಿಷ್ ಮತ್ತು ಸಂಗಡಿಗರು ಮಾನವನ ಜೀನನ್ನು ವಿವರಿಸಿದರು. ಆದರೆ ಅದಕ್ಕೆ ಯಾವ ರೋಗದೊಡನೆ ನಂಟು? ಲಾಸ್ ಏಂಜಲೀಸಿನ ವೈದ್ಯ ಡೆನಿಸ್ ಸ್ಲಾಮನ್‌ರ ಬಳಿ ರೋಗಿಗಳ ಗೆಡ್ಡೆಗಳ ಸಂಗ್ರಹವಿತ್ತು. ಜೀನಿದ್ದವರೂ ಗೆಡ್ಡೆಯಿದ್ದವರೂ ಕೂಡಿದರು. 189 ಸ್ತನದ ಗೆಡ್ಡೆಗಳನ್ನು ಪರೀಕ್ಷಿಸಿ 1987ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನೂರಕ್ಕೆ 30 ಗೆಡ್ಡೆಗಳಲ್ಲಿ ಜೀನಿನ ಪ್ರತಿಗಳು ಹೆಚ್ಚಿದ್ದವು. ಅಂತಹ ಸ್ತ್ರೀಯರಲ್ಲಿ ರೋಗ ಬೇಗ ಮರುಕಳಿಸಿತ್ತು, ಆಯುಸ್ಸು ಮೊಟಕಾಗಿತ್ತು. (ಇಂದಿನ ಲೆಕ್ಕದಂತೆ ಈ ಪ್ರಮಾಣ 15ರಿಂದ 20.)

ಕೇಡಿನ ಗುರುತೆನಿಸಿದ ಈ ಅಣುವನ್ನೇ ಔಷಧದ ಗುರಿಯನ್ನಾಗಿಸಬಹುದಲ್ಲವೇ? ಕೋಶದ ಹೊರಮೈಯಲ್ಲಿರುವುದರಿಂದ ಅದು ಕೈಗೆಟುಕುವಂತಿತ್ತು. ಅದಕ್ಕೆ ಅಂಟಿಕೊಳ್ಳುವ ಪ್ರತಿಕಾಯವೊಂದನ್ನು ಇಲಿಯಿಂದ ಪಡೆದರು. ಇಲಿಯ ದ್ರವ್ಯವನ್ನು ಮನುಷ್ಯದೇಹ ಪರಕೀಯವೆಂದು ಹೊರದೂಡುವುದು. ಆದುದರಿಂದ ಹಿಡಿಯುವ ತುದಿಯನ್ನು ಮಾತ್ರ ಇಲಿಯದಾಗಿ ಉಳಿಸಿ, ಮಿಕ್ಕುದನ್ನು ಮಾನವರೂಪಕ್ಕೆ ತಿದ್ದಿದರು. ಈ ಕೆಲಸ 1992ರ ವೇಳೆಗೆ ಸಿದ್ಧಿಸಿತು. ಸ್ಲಾಮನ್‌ರ ಸಂಶೋಧನೆಗೆ ಹಣವನ್ನೊದಗಿಸಿದವರಲ್ಲಿ ತುಟಿಬಣ್ಣ ಮಾರುವ ರೆವ್ಲಾನ್ ಸಂಸ್ಥೆಯೂ ಒಂದೆಂಬುದು ಸ್ವಾರಸ್ಯದ ಸಂಗತಿ.

ಟ್ರಾಸ್ಟುಜುಮಾಬ್ ಎಂಬ ಈ ಔಷಧಕ್ಕೆ 1998ರಲ್ಲಿ ಅಮೆರಿಕದ ಅನುಮತಿ ದೊರೆಯಿತು. ಹರ್-2 ಹೆಚ್ಚಿದ್ದ, ರೋಗ ದೇಹದಲ್ಲೆಲ್ಲ ಹರಡಿದ್ದ 469 ಸ್ತ್ರೀಯರ ಮೇಲೆ ನಡೆದ ಪರೀಕ್ಷೆಯಲ್ಲಿ, ಹಳೆಯ ಚಿಕಿತ್ಸೆಯೊಂದನ್ನೇ ಪಡೆದವರ ಮಧ್ಯಮ ಆಯುಸ್ಸು 20.3 ತಿಂಗಳಾದರೆ, ಜೊತೆಗೆ ಹೊಸ ಔಷಧವನ್ನೂ ಪಡೆದವರದು 25.1 ತಿಂಗಳು. ಅಣುವಿನ ಗುರುತು ನೋಡದೆ ಎಲ್ಲ ರೋಗಿಗಳಿಗೂ ಕೊಟ್ಟಿದ್ದರೆ ಕೆಲವರ ಲಾಭವು ಹಲವರ ನಿಷ್ಫಲದಲ್ಲಿ ಕರಗಿ, ಮದ್ದು ಮೂಲೆ ಸೇರುವ ಸಂಭವವಿತ್ತು. ಆದರೆ ಹೃದಯದ ಕೋಶಗಳಿಗೂ ಈ ಅಣು ಬೇಕು. ಆಂಥ್ರಾಸೈಕ್ಲಿನ್ ವರ್ಗದ ಔಷಧದೊಡನೆ ಇದನ್ನು ಪಡೆದವರಲ್ಲಿ ನೂರಕ್ಕೆ 27 ಮಂದಿಯ ಹೃದಯ ದುರ್ಬಲವಾಯಿತು. ಈ ಮದ್ದನ್ನು ಕೊಡುವಾಗ ಇಂದಿಗೂ ಹೃದಯ ಪರೀಕ್ಷೆ ತಪ್ಪದು.

ಬೆಲೆಯದೇ ಇನ್ನೊಂದು ಸಂಕಟ. ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಮೈಲಾನ್ ಸಂಸ್ಥೆಯೊಡಗೂಡಿ ಇದರ ಸದೃಶ ಔಷಧವನ್ನು ಸಿದ್ಧಪಡಿಸಿ 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. 2017ರ ಡಿಸೆಂಬರಿನಲ್ಲಿ ಅಮೆರಿಕವು ಒಪ್ಪಿದ ಮೊದಲ ಸದೃಶ ಟ್ರಾಸ್ಟುಜುಮಾಬ್ ಕೂಡ ಇದೇ.

ಅಂಕ ಮೂರಾದರೆ ಔಷಧ. ಎರಡಾದರೆ ಜೀನುಗಳನ್ನೆಣಿಸಿ ತೀರ್ಮಾನ. ಒಂದು ಅಥವಾ ಸೊನ್ನೆಯಾದರೆ 'ಇಲ್ಲ' ಎಂಬ ಉತ್ತರ. ಬಹುಕಾಲ ನಡೆದ ನಿಯಮವಿದು. 2022ರಲ್ಲಿ ಅದು ಸಡಿಲಿತು. ಅದೇ ಪ್ರತಿಕಾಯದ ಬೆನ್ನಿಗೆ ಕೋಶಘಾತಕ ವಿಷವನ್ನು ಕಟ್ಟಿದ ಹೊಸ ಮದ್ದು, ಗುರುತು ಅಲ್ಪವಾಗಿದ್ದ ರೋಗಿಗಳ ಮಧ್ಯಮ ಆಯುಸ್ಸನ್ನೂ 16.8 ತಿಂಗಳಿನಿಂದ 23.4ಕ್ಕೆ ಏರಿಸಿತು. ಹೀಗಾಗಿ ಸೊನ್ನೆಗೂ ಒಂದಕ್ಕೂ ನಡುವಣ ಕೂದಲೆಳೆಯ ಅಂತರಕ್ಕೆ ಬೆಲೆ ಬಂದಿದೆ. ಒಂದೇ ಫಲಕವನ್ನು ನೋಡಿ ಒಬ್ಬ ತಜ್ಞರು ಸೊನ್ನೆಯೆಂದರೆ ಇನ್ನೊಬ್ಬರು ಒಂದೆನ್ನುವುದುಂಟು. ಹಿಂದೆ ಸೊನ್ನೆಯೆಂದು ಎತ್ತಿಟ್ಟ ಫಲಕಗಳನ್ನು ಮತ್ತೆ ಸೂಕ್ಷ್ಮದರ್ಶಕದ ಕೆಳಗಿರಿಸಿ ನೋಡತೊಡಗಿದ್ದಾರೆ.